ಹತ್ತು ನಿಮಿಷಕ್ಕೆ ನಾಲ್ಕು ದಿನ

ಮೊದಲ ದಿನ, ಗುರುವಾರ

ದಸರಾ ರಜೆಯಲ್ಲಿ ಎಂಟು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೊರಟಿದ್ದಕ್ಕೆ ಕಾರಣ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ. 2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಶಾಲಾ ಮಕ್ಕಳು ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ಬಳಸುವ ರೇಡಿಯೋ) ಮೂಲಕ, ನಿಲ್ದಾಣದಲ್ಲಿದ್ದ ಅವರ ಜೊತೆ ಮಾತಾಡಿದರು. ಆ ಸುದ್ದಿಯನ್ನು ನಾನು ಕ್ಲಾಸಿನಲ್ಲಿ ಓದಿ ಹೇಳಿದೆ. ಹೇಳಿ ಸುಮ್ನಿರಬೇಕಿತ್ತು. "ನಾವೂ ಮಾತಾಡಬಹುದಾ ಟೀಚರ್?" ಅಂತ ಒಬ್ಬ ಕೇಳಿದ, ನಾನು "ನೋಡೋಣ" ಅಂದೆ, ಮಕ್ಕಳ ಲೆಕ್ಕದಲ್ಲಿ "ನೋಡೋಣ" ಅಂದರೆ "ಆಯ್ತು" ಅಂತ.

ನನ್ನದು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು. ನನ್ನ ಅಣ್ಣ ಬೆಂಗಳೂರಿನಲ್ಲಿದ್ದಾನೆ, ಇಪ್ಪತ್ತು ವರ್ಷದಿಂದ ಹ್ಯಾಮ್. ಅವನಿಗೆ ಫೋನ್ ಮಾಡಿದಾಗ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ. "ಗಗನಯಾತ್ರಿ ಜೊತೆ ಮಾತಾಡಿಸೋದು ನನ್ನ ಕೈಲಿಲ್ಲ. ಅದಕ್ಕೆ ಶಾಲೆಯವರು ಅರ್ಜಿ ಹಾಕಬೇಕು, ಅದನ್ನು ನಡೆಸುವವರು ಆರಿಸಬೇಕು, ದಿನ ಗೊತ್ತು ಮಾಡಬೇಕು, ತಿಂಗಳುಗಟ್ಟಲೆ ಕೆಲಸ ಇದೆ. ಆದರೆ ನಿಲ್ದಾಣ ನಮ್ಮ ತಲೆ ಮೇಲೆ ಹೋಗುವಾಗ ಅದರ ರೇಡಿಯೋ ಕೇಳಿಸಬಹುದು. ಆಂಟೆನಾ ಮಕ್ಕಳೇ ಮಾಡಲಿ. ಕರ್ಕೊಂಡು ಬಾ."

ಮಕ್ಕಳಿಗೆ ಇದನ್ನು ವಿವರವಾಗಿ ಹೇಳಿದೆ. ಹೇಳಿದ್ದರಲ್ಲಿ ಮೊದಲರ್ಧ ಅವರ ಕಿವಿಗೆ ಬಿದ್ದಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ರಾತ್ರಿ ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ತಾಳಗುಪ್ಪದ ಟ್ರೇನು ಹತ್ತಿದೆವು. ಐದು ಹುಡುಗಿಯರು, ಮೂರು ಹುಡುಗರು, ನಾನು, ಮತ್ತೆ ಒಬ್ಬ ಹುಡುಗನ ಅಜ್ಜಿ. ಅಜ್ಜಿಗೆ ಬೆಂಗಳೂರಲ್ಲಿ ಮಗಳ ಮನೆಗೆ ಹೋಗಬೇಕಿತ್ತು, ನನಗೆ ಜೊತೆಗೆ ಒಬ್ಬ ದೊಡ್ಡವರು ಬೇಕಿತ್ತು. ಅಜ್ಜಿ ಒಂದು ಡಬ್ಬಿ ತುಂಬ ತೊಡೆದೇವು ತಂದಿದ್ದರು. ಕಾಗದದಷ್ಟು ತೆಳು, ಮುಟ್ಟಿದರೆ ಪುಡಿ. ಅದನ್ನು ತಿನ್ನುತ್ತಾ ಮಕ್ಕಳಲ್ಲಿ ಚರ್ಚೆ ಶುರುವಾಯಿತು, ಇದನ್ನು ಬಾಹ್ಯಾಕಾಶಕ್ಕೆ ಒಯ್ಯಬಹುದಾ ಅಂತ. ಆಗಲ್ಲ ಅಂದೆ. ಅಲ್ಲಿ ಪುಡಿ ಕೆಳಗೆ ಬೀಳಲ್ಲ, ತೇಲಿಕೊಂಡು ಕಣ್ಣಿಗೋ ಯಂತ್ರದ ಸಂದಿಗೋ ಹೋಗುತ್ತದೆ. ಅದಕ್ಕೇ ಅಲ್ಲಿ ಬ್ರೆಡ್ ಬದಲು ಚಪಾತಿ ಥರದ ಟೊರ್ಟಿಯಾ ತಿನ್ನುತ್ತಾರೆ. ಶುಕ್ಲಾ ಒಯ್ದಿದ್ದು ಕ್ಯಾರೆಟ್ ಹಲ್ವಾ, ಹೆಸರುಬೇಳೆ ಹಲ್ವಾ, ಮಾವಿನ ರಸ. ಎಲ್ಲಾ ಅಂಟುವ ತಿಂಡಿಗಳು, ಅಲ್ವಾ? ಅಜ್ಜಿಗೆ ಸ್ವಲ್ಪ ಬೇಜಾರಾದ ಹಾಗೆ ಕಾಣಿಸಿತು.

ಯಾವುದೋ ಸ್ಟೇಷನ್ ಬಳಿ ಎದುರಿನಿಂದ ಇನ್ನೊಂದು ಟ್ರೇನು ಹಾರ್ನ್ ಹಾಕುತ್ತಾ ದಾಟಿತು. ಹತ್ತಿರ ಬರುವಾಗ ಸದ್ದು ಚೂಪು, ದಾಟಿದ ಕೂಡಲೇ ದಪ್ಪ. "ಇದನ್ನ ನೆನಪಿಟ್ಕೊಳ್ಳಿ, ಭಾನುವಾರ ಬೇಕಾಗುತ್ತೆ" ಅಂದೆ. ಅರ್ಧ ಜನ ಆಗಲೇ ಮಲಗಿದ್ದರು.

ಎರಡನೇ ದಿನ, ಶುಕ್ರವಾರ

ಬೆಳಗಿನ ಜಾವಕ್ಕೇ ಬೆಂಗಳೂರು. ಅಜ್ಜಿಯನ್ನು ಮಗಳ ಮನೆಗೆ ಕಳಿಸಿ, ಅಣ್ಣನ ಮನೆಯಲ್ಲಿ ಸ್ನಾನ ಮುಗಿಸಿ, ಅತ್ತಿಗೆ ಮಾಡಿದ ಉಪ್ಪಿಟ್ಟು ತಿಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋದೆವು. ಅದರ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ನೋಡಿರುತ್ತೀರಿ. ರೈಟ್ ಸೋದರರ ವಿಮಾನದ ಮಾದರಿ ಮುಂದೆ ಫೋಟೋ ಆಯಿತು.

ಮಧ್ಯಾಹ್ನ ಎಸ್.ಪಿ. ರೋಡ್. ಮ್ಯೂಸಿಯಂಗಿಂತ ಇದೇ ನಮ್ಮ ಮಕ್ಕಳಿಗೆ ಹುಚ್ಚು ಹಿಡಿಸಿತು. ಬಟಾಣಿ ಕಾಳಿನ ಹಾಗೆ ಕೆಪಾಸಿಟರ್ ರಾಶಿ ಹಾಕಿ ಮಾರುವ ಬೀದಿ! ಅಣ್ಣ ಚೀಟಿ ಬರೆದುಕೊಟ್ಟಿದ್ದ: ಉಕ್ಕಿನ ಅಳತೆ ಟೇಪು ಒಂದು, ಅರ್ಧ ಇಂಚಿನ ಪಿವಿಸಿ ಪೈಪು ಒಂದು, ಅದಕ್ಕೆ ಹೊಂದುವ ಜಾಯಿಂಟುಗಳು, ಎರಡು ಮೀಟರ್ ಕೋ-ಆಕ್ಸಿಯಲ್ ಕೇಬಲ್, ಕನೆಕ್ಟರ್, ಹೋಸ್ ಕ್ಲಾಂಪು. ಅಂಗಡಿಯವರು ಚೀಟಿ ನೋಡಿ "ಏನ್ ಮೇಡಂ, ಪ್ಲಂಬಿಂಗಾ, ಟಿವಿನಾ?" ಅಂದರು. ನಮ್ಮ ಕನ್ನಡಕದ ಹುಡುಗ ಗಂಭೀರವಾಗಿ, "ಬಾಹ್ಯಾಕಾಶ ನಿಲ್ದಾಣಕ್ಕೆ" ಅಂದ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಹತ್ತು ರೂಪಾಯಿ ಬಿಟ್ಟರು.

ರಾತ್ರಿ ಊಟದ ಮೇಲೆ ಅಣ್ಣ ಕಥೆಗೆ ಕೂತ. ಮೊದಲು ಬಾಹ್ಯಾಕಾಶದಿಂದ ಹ್ಯಾಮ್‌ಗಳ ಜೊತೆ ಮಾತಾಡಿದ್ದು ಓವೆನ್ ಗ್ಯಾರಿಯಟ್, 1983ರಲ್ಲಿ, ಕೊಲಂಬಿಯಾ ನೌಕೆಯಿಂದ. ಕೈಯಲ್ಲಿ ಹಿಡಿಯುವ ಒಂದು ಸಣ್ಣ ರೇಡಿಯೋ, ಕಿಟಕಿಗೆ ಒತ್ತಿ ಇಟ್ಟ ಆಂಟೆನಾ, ಅಷ್ಟೇ. ಈಗಿನ ನಿಲ್ದಾಣದಿಂದ ಶಾಲೆಯೊಂದರ ಜೊತೆ ಮೊದಲ ಮಾತು ನಡೆದಿದ್ದು 2000ನೇ ಇಸವಿ ಡಿಸೆಂಬರ್ 21ಕ್ಕೆ. ಅಮೆರಿಕದ ಇಲಿನಾಯ್ ರಾಜ್ಯದ ಬರ್‌ಬ್ಯಾಂಕ್ ಅನ್ನುವ ಊರಿನ ಮಕ್ಕಳು, ಮೇಲಿಂದ ಉತ್ತರ ಕೊಟ್ಟಿದ್ದು ಬಿಲ್ ಶೆಫರ್ಡ್. ಅಲ್ಲಿ ಜನ ಇರಲು ಶುರು ಮಾಡಿ ಎರಡು ತಿಂಗಳೂ ಆಗಿರಲಿಲ್ಲ! ಮನೆ ಪ್ರವೇಶ ಆಗಿ ಸಾಮಾನು ಜೋಡಿಸುವ ಮೊದಲೇ ಫೋನ್ ಹಾಕಿಸಿಕೊಂಡ ಹಾಗೆ. 2016ರ ಹೊತ್ತಿಗೆ ಇಂಥ ಶಾಲಾ ಮಾತುಕತೆಗಳು ಸಾವಿರ ದಾಟಿದವು.

ಕಲ್ಪನಾ ಚಾವ್ಲಾ ಕೂಡ ಹ್ಯಾಮ್ ಅಂತ ನನಗೇ ಗೊತ್ತಿರಲಿಲ್ಲ. ಅವರ ಕಾಲ್ ಸೈನ್, ಅಂದರೆ ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತು, ಕೆ.ಡಿ.5ಇ.ಎಸ್.ಐ. ಸುನೀತಾ ವಿಲಿಯಮ್ಸ್ ಅವರದು ಕೆ.ಡಿ.5ಪಿ.ಎಲ್.ಬಿ. ಹುಡುಗಿಯರು ಇದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಅಣ್ಣ ತನ್ನ ಇಷ್ಟದ ವಿಷಯಕ್ಕೆ ಬಂದ. ಹ್ಯಾಮ್‌ಸ್ಯಾಟ್. ಬೆಂಗಳೂರಿನಲ್ಲೇ ಇಸ್ರೋ ಕಟ್ಟಿದ, ಹ್ಯಾಮ್‌ಗಳಿಗೆಂದೇ ಇದ್ದ ಪುಟ್ಟ ಉಪಗ್ರಹ, 42.5 ಕೆಜಿ. 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆ ಶ್ರೀಹರಿಕೋಟಾದಿಂದ ಹೋಯಿತು. 2014ರಲ್ಲಿ ಬ್ಯಾಟರಿ ಕೈಕೊಡುವ ತನಕ ಕೆಲಸ ಮಾಡಿತು. "ಅದು ನಿಂತ ವಾರ ನಾನು ಸರಿಯಾಗಿ ಊಟ ಮಾಡಿರಲಿಲ್ಲ" ಅಂದ. ಅತ್ತಿಗೆ ಅಡುಗೆಮನೆಯಿಂದಲೇ, "ಮಾಡಿದ್ದೀರಿ" ಅಂದರು.

ಮಲಗುವ ಮೊದಲು ಒಬ್ಬ ಹುಡುಗ ಮೆಲ್ಲಗೆ ಬಂದು, "ಟೀಚರ್, ಶುಕ್ಲಾ ಸರ್‌ಗೆ ಕೇಳೋ ಪ್ರಶ್ನೆ ಬರ್ಕೊಂಡ್ ಬಂದಿದೀನಿ, ನೋಡ್ತೀರಾ?" ಅಂದ. ಎದೆ ಧಸಕ್ಕೆಂದಿತು. ಅವರು ಜುಲೈ 15ಕ್ಕೇ ವಾಪಸ್ ಬಂದಾಯಿತಲ್ಲ ಮಗಾ ಅಂದೆ. ಅವನ ಮುಖ ನೋಡೋಕಾಗಲಿಲ್ಲ.

ಮೂರನೇ ದಿನ, ಶನಿವಾರ

ಆ ಮುಖದಿಂದಲೇ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. "ನಿಜವಾದ ಶಾಲೆಗಳೂ ವಾರಗಟ್ಟಲೆ ಇದನ್ನೇ ಮಾಡ್ತಾರೆ, ನಾವೂ ರಿಹರ್ಸಲ್ ಮಾಡೋಣ. ನಾನೇ ಗಗನಯಾತ್ರಿ."

ನಿಲ್ದಾಣ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಒಂದು ದಿಗಂತದಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಳುಗೋಕೆ ಹೆಚ್ಚೆಂದರೆ ಹತ್ತು ನಿಮಿಷ. ಮಕ್ಕಳಿಗೆ ಸಿಗೋದು ಅಷ್ಟೇ. ಮೇಲೆ ಇರುವವರೂ ಕೆಳಗೆ ಇರುವವರೂ ಒಟ್ಟಿಗೆ ಮಾತಾಡುವ ಹಾಗಿಲ್ಲ, ಒಬ್ಬರು "ಓವರ್" ಅಂದ ಮೇಲೆ ಇನ್ನೊಬ್ಬರು. ಹಾಗಾಗಿ ಮಕ್ಕಳು ಸಾಲಾಗಿ ನಿಂತು ಒಂದೊಂದು ಪ್ರಶ್ನೆ ಕೇಳಿ ಪಕ್ಕಕ್ಕೆ ಸರಿಯುತ್ತಾರೆ.

ನಮ್ಮವರು ತಾರಸಿ ಮೇಲೆ ಸಾಲು ನಿಂತರು. ಅಣ್ಣ ಕೆಳಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. ಲೈಸೆನ್ಸ್ ಇಲ್ಲದವರ ಕೈಗೆ ಹ್ಯಾಮ್ ಸೆಟ್ಟಿನ ಮೈಕ್ ಕೊಡಲ್ಲ ಅಂತ ಅವನ ಹಠ, ಆದ್ದರಿಂದ ಎರಡು ಮೊಬೈಲ್. ನನ್ನ ಕೈಯಲ್ಲಿ ಸ್ಟಾಪ್‌ವಾಚ್.

ಮೊದಲ ಸುತ್ತು ಪೂರ್ತಿ ಎಡವಟ್ಟು. "ನಮಸ್ಕಾರ ಸರ್, ನನ್ನ ಹೆಸರು ಇಂಥದ್ದು, ನಾನು ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನೆ, ನನ್ನ ಪ್ರಶ್ನೆ ಏನೆಂದರೆ..." ಇದು ನಾವೇ ಕಲಿಸಿದ್ದು. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಬರುತ್ತೆ ಇದಕ್ಕೆ. ಹತ್ತು ನಿಮಿಷದಲ್ಲಿ ಐದೇ ಪ್ರಶ್ನೆ ಮುಗಿದವು. ಆರನೆಯವಳು "ನಮಸ್ಕಾರ ಸ" ಅನ್ನುವಷ್ಟರಲ್ಲಿ ನಿಲ್ದಾಣ ಮುಳುಗಿತು. ಅವಳು ಅತ್ತೇಬಿಟ್ಟಳು. ಬಚ್ಚಲುಮನೆ ಅಂತ ಗೊತ್ತಿದ್ದೂ!

ಅಲ್ಲಿಂದ ಕತ್ತರಿ ಹಾಕೋದು ಶುರು. ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯನ್ನು ಬರೆದು, ಯಾವ ಪದ ತೆಗೆದರೂ ಅರ್ಥ ಉಳಿಯುತ್ತೆ ನೋಡಿ ಅದನ್ನು ಹೊಡೆದುಹಾಕಬೇಕು. ನಾನು ಹದಿನಾಲ್ಕು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ, ಪಾಠದ ಕೊನೆಗೆ "ಯಾರಿಗಾದ್ರೂ ಡೌಟ್ ಇದೆಯಾ?" ಅಂತ ಕೇಳುತ್ತೇನೆ, ಇಡೀ ಕ್ಲಾಸು ಕಲ್ಲಿನ ಹಾಗೆ ಕೂತಿರುತ್ತದೆ. ಇಲ್ಲಿ ಎಂಟು ಮಕ್ಕಳು ತಾರಸಿಯ ನೆಲದ ಮೇಲೆ ಬೋರಲು ಮಲಗಿ ಪ್ರಶ್ನೆಗಳಿಗಾಗಿ ಜಗಳ ಆಡುತ್ತಿದ್ದರು. ಗಂಟೆ ಹೊಡೆಯುತ್ತೆ ಅನ್ನುವ ಭಯ ಕ್ಲಾಸಿನಲ್ಲಿ ನನಗಿರುತ್ತೆ, ಅವರಿಗಿರಲ್ಲ. ಇಲ್ಲಿ ಅದು ಅವರ ಪಾಲಿಗೆ ಬಂದಿತ್ತು. ಅಷ್ಟೇ ವ್ಯತ್ಯಾಸ ಇರಬೇಕು ಅನ್ನಿಸಿತು.

ಹುಡುಗರು ಮೂವರೂ ಕಕ್ಕಸಿನ ಪ್ರಶ್ನೆಯನ್ನೇ ಬರೆದಿದ್ದರು. ಒಬ್ಬನಿಗೆ ಮಾತ್ರ ಬಿಟ್ಟುಕೊಟ್ಟೆ. (ಗಾಳಿ ಎಳೆದುಕೊಳ್ಳುವ ಪೈಪು ಇರುತ್ತೆ, ಮೂತ್ರವನ್ನು ಶುದ್ಧ ಮಾಡಿ ಮತ್ತೆ ಕುಡಿಯುವ ನೀರು ಮಾಡುತ್ತಾರೆ. ಇದನ್ನು ಕೇಳಿ ಅವನು ಊಟದ ಹೊತ್ತಿಗೆ ನೀರಿನ ಲೋಟವನ್ನೇ ಅನುಮಾನದಿಂದ ನೋಡುತ್ತಿದ್ದ.)

ನಮ್ಮಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಎಂಟನೇ ಕ್ಲಾಸಿಗೆ ಬಂದಾಗಿನಿಂದ ಹಾಜರಿ ಕೂಗಿದಾಗ ಬಿಟ್ಟು ಬೇರೆ ಹೊತ್ತಲ್ಲಿ ಅವಳ ದನಿ ನಾನು ಕೇಳಿದ್ದು ಕಡಿಮೆ. ಅವಳ ಅಪ್ಪ ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ಇಳಿಸುವವರು. ಅವಳು ಚೀಟಿ ತಂದು ತೋರಿಸಿದಳು. "ಅಲ್ಲಿ ಬೆವರು ಎಲ್ಲಿಗೆ ಹೋಗುತ್ತೆ? ಓವರ್." ಇಷ್ಟೇ ಇತ್ತು, ಹೊಡೆಯೋಕೆ ಒಂದು ಪದವೂ ಇಲ್ಲ. ಇದು ಹೇಗೆ ಹೊಳೀತು ಅಂತ ಕೇಳಿದೆ. "ಅಪ್ಪ ಮರದಿಂದ ಇಳಿದಾಗ ಬೆವರು ಗದ್ದದಿಂದ ತೊಟ್ಟಿಕ್ತಾ ಇರತ್ತೆ ಟೀಚರ್. ಅಲ್ಲಿ ಕೆಳಗೆ ಅನ್ನೋದೇ ಇಲ್ವಲ್ಲ."

ಅಣ್ಣ ಬಚ್ಚಲುಮನೆಯಿಂದ ಕೊಟ್ಟ ಉತ್ತರ: ತೊಟ್ಟಿಕ್ಕಲ್ಲ, ಮೈಗೇ ಅಂಟಿಕೊಂಡು ದಪ್ಪ ಆಗುತ್ತಾ ಹೋಗುತ್ತೆ, ಟವಲ್‌ನಲ್ಲಿ ಒರೆಸಬೇಕು. ಟವಲ್ ಒಣಗಿದಾಗ ಆ ತೇವ ಗಾಳಿಗೆ ಸೇರುತ್ತೆ, ಯಂತ್ರ ಅದನ್ನು ಹಿಡಿದು ನೀರು ಮಾಡುತ್ತೆ. ಓವರ್.

ಮೂರನೇ ಸುತ್ತಿಗೆ ಹದಿನಾಲ್ಕು ಪ್ರಶ್ನೆ ಮುಟ್ಟಿದೆವು. ನಿಜವಾದ ಶಾಲೆಗಳ ಲೆಕ್ಕಕ್ಕೆ ಹತ್ತಿರ ಹತ್ತಿರ ಬಂದಿದ್ದೀರಿ ಅಂದ ಅಣ್ಣ.

ಮಧ್ಯಾಹ್ನ ಆಂಟೆನಾ. ನಿಲ್ದಾಣದಲ್ಲಿ ಒಂದು ರಿಪೀಟರ್ ಇದೆ, ಕೆಳಗಿನಿಂದ ಒಂದು ತರಂಗದಲ್ಲಿ ಬಂದ ದನಿಯನ್ನು ಇನ್ನೊಂದು ತರಂಗದಲ್ಲಿ ವಾಪಸ್ ಕಳಿಸುವ ಯಂತ್ರ. ಅದು ಕೆಳಗೆ ಕಳಿಸುವುದು 437.800 ಮೆಗಾಹರ್ಟ್ಸ್‌ನಲ್ಲಿ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ ಅಂದೆ. ಅಲೆಯ ಉದ್ದ 68.5 ಸೆಂ.ಮೀ. ಬಂತು, ಅದರಲ್ಲಿ ಅರ್ಧ ಸುಮಾರು 34. ಟೇಪನ್ನು ಆ ಅಳತೆಗೆ ಒಂದಿಷ್ಟು ಹೆಚ್ಚು ಕಡಿಮೆ ಮಾಡಿ ಮೂರು ತುಂಡು ಕತ್ತರಿಸಿ, ಪೈಪಿಗೆ ಅಡ್ಡಡ್ಡ ಕ್ಲಾಂಪು ಹಾಕಿ, ನಡುವಿನ ತುಂಡನ್ನು ಎರಡು ಮಾಡಿ ಕೇಬಲ್ ಬೆಸುಗೆ ಹಾಕಿದರು. ಪುಸ್ತಕದಲ್ಲಿ ಅಂಕಿ ಕೊಟ್ಟು ಭಾಗಿಸು ಅಂದರೆ ದಶಮಾಂಶದ ಚುಕ್ಕಿ ಎಲ್ಲೆಲ್ಲೋ ಇಡುವವರು ಇಲ್ಲಿ ಒಂದು ಮಿಲಿಮೀಟರಿಗೆ ಕಚ್ಚಾಡಿದರು. ನೋಡೋಕೆ ಮೀನಿನ ಮುಳ್ಳಿನ ಹಾಗಿತ್ತು.

ಸಂಜೆ ತಾರಸಿಯಿಂದಲೇ ಒಂದು ಪ್ರಯತ್ನ. ನಿಲ್ದಾಣ ಪೂರ್ವಕ್ಕೆ ತೀರಾ ಕೆಳಗೆ ಹಾದುಹೋಗುವುದಿತ್ತು, ಆ ಕಡೆ ಹದಿಮೂರು ಮಹಡಿಯ ಅಪಾರ್ಟ್‌ಮೆಂಟು. ಬರೀ ಸೊರ್ರ್ ಅನ್ನುವ ಸದ್ದು. ಏನೂ ಕೇಳಲಿಲ್ಲ. ಆಂಟೆನಾ ಮಾಡಿದ್ದು ಸರಿಯಿಲ್ಲ ಅಂತ ಹುಡುಗರು ಹುಡುಗಿಯರ ಮೇಲೆ ಹಾಕಿದರು, ಹುಡುಗಿಯರು ಬೆಸುಗೆ ಹುಡುಗರದ್ದು ಅಂದರು.

ನಾಲ್ಕನೇ ದಿನ, ಭಾನುವಾರ

ದೇವರಾಯನದುರ್ಗ. ಊರಿಗೆ ವಾಪಸ್ಸು ಹೋಗುವ ಟ್ರೇನನ್ನು ತುಮಕೂರಿನಲ್ಲೇ ಹತ್ತಬಹುದು, ಬೆಟ್ಟದಿಂದ ಸುತ್ತ ಅಡ್ಡಿ ಇಲ್ಲ, ಅದಕ್ಕೇ ಇದನ್ನು ಆರಿಸಿದ್ದು. ಅಣ್ಣನೂ ಜೊತೆಗೆ ಬಂದ. ಮೊದಲು ನಾಮದ ಚಿಲುಮೆ ನೋಡಿ, ಕೆಳಗೆ ಭೋಗನರಸಿಂಹನಿಗೆ ಕೈಮುಗಿದು, ಮೇಲೆ ಯೋಗನರಸಿಂಹನ ಕಡೆ ಹತ್ತಿದೆವು. ಭಾನುವಾರದ ಜನ, ಕೋತಿಗಳು ಅದಕ್ಕಿಂತ ಜಾಸ್ತಿ. ಒಂದು ಕೋತಿ ಆಂಟೆನಾ ಕಡೆ ಬಹಳ ಹೊತ್ತು ನೋಡಿ, ತಿನ್ನೋಕಾಗಲ್ಲ ಅಂತ ತೀರ್ಮಾನ ಮಾಡಿ ನಮ್ಮ ಚಿತ್ರಾನ್ನದ ಪೊಟ್ಟಣ ಎತ್ತಿಕೊಂಡು ಹೋಯಿತು. ಕಾವಲಿನವರೊಬ್ಬರು ಬಂದು ಇದೇನು ಅಂತ ವಿಚಾರಿಸಿದರು. ಅಣ್ಣ ಲೈಸೆನ್ಸ್ ತೋರಿಸಿದ, ಮಕ್ಕಳು ಒಟ್ಟಿಗೆ ಎಂಟು ಬಾಯಲ್ಲಿ ವಿವರಿಸಿದರು. ಅವರು ಕೊನೆಗೆ ನಮ್ಮ ಜೊತೆಯಲ್ಲೇ ನಿಂತುಬಿಟ್ಟರು.

ಮೋಡ ದಟ್ಟವಾಗಿತ್ತು, ಸಣ್ಣಗೆ ಹನಿ ಬೇರೆ. "ಮೋಡ ಇದ್ರೆ ಬರಲ್ವಾ?" ಅಂತ ಒಬ್ಬಳು ಕೇಳಿದಳು. ಕಣ್ಣಿಗೆ ಮೋಡ ಅಡ್ಡ, ಈ ಅಲೆಗೆ ಅಡ್ಡಿಯಿಲ್ಲ.

ಐದು ಗಂಟೆ ದಾಟಿ ಐದಾರು ನಿಮಿಷ. ಬೆವರಿನ ಹುಡುಗಿ (ಈಗ ಅವಳಿಗೆ ಅದೇ ಹೆಸರು ಬಿದ್ದಿದೆ) ಆಂಟೆನಾ ಹಿಡಿದು ವಾಯವ್ಯಕ್ಕೆ ತಿರುಗಿದಳು. ಅಣ್ಣ ಕಾಗದದಲ್ಲಿ ನಿಮಿಷಕ್ಕೊಂದು ದಿಕ್ಕು ಬರೆದುಕೊಟ್ಟಿದ್ದ. ರೇಡಿಯೋವನ್ನು 437.810ಕ್ಕೆ ಇಟ್ಟರು. ನಿಲ್ದಾಣ ಹತ್ತಿರ ಬರುವಾಗ ತರಂಗ ಸ್ವಲ್ಪ ಮೇಲೆ, ತಲೆ ಮೇಲೆ ಬಂದಾಗ ಸರಿಯಾಗಿ 437.800, ದೂರ ಹೋಗುವಾಗ 437.790. "ಟ್ರೇನಿನ ಹಾರ್ನ್!" ಅಂತ ಕನ್ನಡಕದ ಹುಡುಗ ಕೂಗಿದ. ಅವನು ಗುರುವಾರ ಎಚ್ಚರ ಇದ್ದ ಅಂತಾಯಿತು.

ಸೊರ್ರ್. ಸೊರ್ರ್. ಮತ್ತೆ ಸೊರ್ರ್. ಆಮೇಲೆ ಆ ಸದ್ದು ಒಮ್ಮೆಲೇ ಅಡಗಿ, ಯಾರೋ ಗಂಡಸು, ಪಕ್ಕದ ಬಂಡೆ ಮೇಲೆ ಕೂತು ಮಾತಾಡುತ್ತಿರುವಷ್ಟು ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ ತನ್ನ ಕಾಲ್ ಸೈನ್ ಹೇಳಿದ. ಎ4 ಅಂತ ಶುರು. ಒಮಾನ್! ಅಲ್ಲಿಂದ ಮೇಲಕ್ಕೆ ಹೋದ ದನಿ, ನಿಲ್ದಾಣದ ರಿಪೀಟರಿನಲ್ಲಿ ಹಾದು, ನಮ್ಮ ಟೇಪಿನ ತುಂಡಿಗೆ ಬಂದು ಬಿದ್ದಿತ್ತು. ಯಾರೂ ಉಸಿರು ಬಿಡಲಿಲ್ಲ. ಆಮೇಲೆ ವಿ.ಯು.2 ಅಂತ ನಮ್ಮ ದೇಶದವರು ಇಬ್ಬರು, ದನಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋದವು.

ನಡುವೆ ಸದ್ದು ಕುಸಿಯಿತು. ಅಣ್ಣ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಹುಡುಗಿ ತಾನೇ ಮಣಿಕಟ್ಟು ತಿರುಗಿಸಿ ಅಡ್ಡ ಇದ್ದ ಆಂಟೆನಾವನ್ನು ಉದ್ದ ಮಾಡಿದಳು. ದನಿ ವಾಪಸ್ ಬಂತು. ಅಲೆ ಯಾವ ಕಡೆ ಮಲಗಿದೆಯೋ ಆಂಟೆನಾನೂ ಆ ಕಡೆ ಮಲಗಬೇಕು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಅವಳು ಕಾಗದ ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡು, ದನಿ ಹೋದ ಕಡೆ ನಿಧಾನಕ್ಕೆ ತಿರುಗುತ್ತಾ ಇದ್ದಳು. ಮೋಡದ ಹಿಂದೆ ನಿಲ್ದಾಣ ಎಲ್ಲಿದೆ ಅಂತ ಆ ಬೆಟ್ಟದ ಮೇಲೆ ಅವಳೊಬ್ಬಳಿಗೆ ಗೊತ್ತಿತ್ತು.

ಅಣ್ಣ ಮೂವತ್ತು ಹೆಜ್ಜೆ ದೂರ ಹೋಗಿ ಇನ್ನೊಂದು ಸೆಟ್ಟಿನಲ್ಲಿ, ರಿಪೀಟರಿಗೆ ಮೇಲಕ್ಕೆ ಕಳಿಸುವ 145.990ರಲ್ಲಿ ಕರೆದ. ಬರೀ 5 ವ್ಯಾಟ್, ಮನೆಯ ಎಲ್‌ಇಡಿ ಬಲ್ಬಿಗಿಂತ ಕಡಿಮೆ. ಅವನ ದನಿ ನಮ್ಮ ಕೈಯಲ್ಲಿದ್ದ ರೇಡಿಯೋದಲ್ಲಿ, ಆಕಾಶದಿಂದ ಬಂತು! ತನ್ನ ಕಾಲ್ ಸೈನ್, ಆಮೇಲೆ "ಮೈಕ್ ಕಿಲೋ ಎಯ್ಟ್ ತ್ರೀ". ಅದು ಭೂಪಟದ ಚೌಕದ ಗುರುತು. ಬೆಂಗಳೂರು ಎಂ.ಕೆ.82, ಬೆಟ್ಟ ಎಂ.ಕೆ.83, 13 ಡಿಗ್ರಿ ಅಕ್ಷಾಂಶ ದಾಟಿದ್ದಕ್ಕೆ ಚೌಕ ಬದಲಾಗಿದೆ. 4ಎಸ್7 ಅಂತ ಶ್ರೀಲಂಕಾದವರೊಬ್ಬರು ಉತ್ತರ ಕೊಟ್ಟು, ಸಿಗ್ನಲ್ ಚೆನ್ನಾಗಿದೆ ಅಂತ "ಫೈವ್ ನೈನ್" ಅಂದು, "ಸೆವೆಂಟಿ ತ್ರೀ" ಹೇಳಿದರು. 73 ಅಂದರೆ ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ. ಮಕ್ಕಳು ಕಿರುಚಿದ ಕಿರುಚಾಟಕ್ಕೆ ಕೋತಿಗಳು ಮರ ಬದಲಾಯಿಸಿದವು.

ಆಮೇಲೆ ಸೊರ್ರ್. ಮುಗಿಯಿತು. ಹತ್ತು ನಿಮಿಷವೂ ಆಗಿರಲಿಲ್ಲ.

"ಒಳಗೆ ಇರೋರು ಈಗ ನಮ್ಮನ್ನ ಕೇಳಿಸ್ಕೊಂಡ್ರಾ ಸರ್?" ಅಂತ ಒಬ್ಬ ಕೇಳಿದ. ಅಣ್ಣ ಸುಳ್ಳು ಹೇಳಲಿಲ್ಲ. ರಿಪೀಟರ್ ತಾನಾಗೇ ನಡೆಯೋದು, ಅವರು ಅವರ ಕೆಲಸದಲ್ಲಿರುತ್ತಾರೆ. "ಶಾಲೆ ಜೊತೆ ಮಾತು ಇದ್ದಾಗ ಮಾತ್ರ ಒಬ್ಬರು ಬಂದು ಮೈಕ್ ಹಿಡೀತಾರೆ. ಆವಾಗ ನೀವು ಬೇರೆ ಊರಲ್ಲಿ ಕೂತು 145.800ರಲ್ಲಿ ಕೇಳಿದರೆ ಗಗನಯಾತ್ರಿ ಕೊಡೋ ಉತ್ತರ ಮಾತ್ರ ಕೇಳುತ್ತೆ, ಮಕ್ಕಳ ಪ್ರಶ್ನೆ ಕೇಳಲ್ಲ. ಪ್ರಶ್ನೆ ಏನಿತ್ತು ಅಂತ ನಾವೇ ಊಹಿಸ್ಬೇಕು."

ಲೈಸೆನ್ಸಿಗೆ ಎಷ್ಟು ವಯಸ್ಸಾಗಿರಬೇಕು ಅಂತ ಬೆವರಿನ ಹುಡುಗಿ ಕೇಳಿದಳು. ಹನ್ನೆರಡು ತುಂಬಿದ್ದರೆ ಪರೀಕ್ಷೆ ಬರೆಯಬಹುದು ಅಂದ. ಅವಳಿಗೆ ಹದಿನಾಲ್ಕು.

ಸೋಮವಾರ ಬೆಳಿಗ್ಗೆ

ತುಮಕೂರು ಸ್ಟೇಷನ್ನಿನಲ್ಲಿ ಮಧ್ಯರಾತ್ರಿ ತನಕ ಕಾದಿದ್ದು, ನಿದ್ದೆಗಣ್ಣಲ್ಲಿ ಎಂಟು ಮಕ್ಕಳನ್ನು ಮತ್ತೆ ಮತ್ತೆ ಎಣಿಸಿದ್ದು, ಒಂದು ಸಲ ಒಂಬತ್ತು ಬಂದಿದ್ದು, ಅದೆಲ್ಲಾ ಬಿಡಿ. ಸಾಗರದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಆಂಟೆನಾ ಯಾರ ಮನೆಗೆ ಅನ್ನುವ ಜಗಳ ರೈಲಲ್ಲೇ ತೀರ್ಮಾನವಾಗಿ, ಶಾಲೆಯ ಲ್ಯಾಬಿಗೆ ಅಂತ ನನ್ನ ಚೀಲಕ್ಕೆ ಬಂದಿತ್ತು.

ಬೆವರಿನ ಹುಡುಗಿಯನ್ನು ಕರೆದೊಯ್ಯಲು ಅವಳ ಅಪ್ಪ ಬೈಕಿನಲ್ಲಿ ಬಂದಿದ್ದರು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ. ಹೆಂಗಿತ್ತೇ ಬೆಂಗಳೂರು ಅಂತ ಕೇಳಿದರು. ಅವಳು ಹಿಂದೆ ಹತ್ತಿ ಕೂತು ಅಪ್ಪನ ಬೆನ್ನು ಹಿಡಿದುಕೊಂಡಳು.

"ಬೆಂಗಳೂರು ಬಿಡು ಅಪ್ಪ, ಒಮಾನ್ ಕೇಳ್ತು. ಓವರ್."

"ಹಾಂ?"

"ನೀನು ಈಗ ಮಾತಾಡ್ಬಹುದು ಅಂತ. ಓವರ್."

ಅವರು ನನ್ನ ಕಡೆ ತಿರುಗಿ ನೋಡಿದರು, ಮಗಳಿಗೆ ಏನಾಗಿದೆ ಅನ್ನುವ ಹಾಗೆ. ನಾನು ಕೈ ಬೀಸಿದೆ.